ಕಣ್ಣು ಬರುವ ಅಧ್ಯಾಯ

ಹೋದ ವಾರ ಬೈಲಹೊಂಗಲದಿಂದ ಊರಿಗೆ ಹೊರಟಿದ್ದೆ. ಬಸ್ಸು ಮುನವಳ್ಳಿ ಹತ್ತಿರ ಬಂದಾಗ ಪಕ್ಕದ ಸೀಟಿನ ಹಿರಿಯರು ಕಿಸೆಯಿಂದ ಚಿಕ್ಕ ಡಬ್ಬಿ ತೆಗೆದರು. ಟಕ್ ಎಂದು ಮುಚ್ಚಳ ಬಿಚ್ಚಿದ ಸದ್ದು, ಅದರ ಹಿಂದೆಯೇ ತಪಕೀರಿನ ಘಾಟು. ಒಂದು ಚಿಟಿಕೆ ಮೂಗಿಗೆ ಏರಿಸಿ ಅವರು ಸೀನಿದ ರಭಸಕ್ಕೆ ಬಸ್ಸೆಲ್ಲ ನಕ್ಕಿತು.

ನನಗೆ ನಗು ಬರಲಿಲ್ಲ. ತಪಕೀರಿನ ವಾಸನೆ ಎಂದರೆ ನನಗೆ ಚನ್ನಬಸಯ್ಯಜ್ಜ. ನಮ್ಮೂರ ಮಠದಲ್ಲಿ ನಲವತ್ತು ವರ್ಷ, ಶ್ರಾವಣ ತಿಂಗಳ ಸಂಜೆಗಳಲ್ಲಿ ಪುರಾಣ ಓದಿದವರು. ಅವರು ತೀರಿಕೊಂಡ ಸುದ್ದಿ ಬಂದು ನಾಲ್ಕು ದಿನವಾಗಿತ್ತು. ಮನೆಯವರನ್ನು ಮಾತಾಡಿಸಿ ಬರಲೆಂದೇ ಹೊರಟಿದ್ದೆ. ಏಳು ವರ್ಷದ ಹಿಂದಿನ ಒಂದು ಶ್ರಾವಣದಲ್ಲಿ ಈ ಮನುಷ್ಯನನ್ನು ನಾನು ಹಲ್ಲು ಕಡಿಯುವಷ್ಟು ದ್ವೇಷಿಸಿದ್ದೆ. ಊರ ಮುಂದೆ ಅವರ ಮಾನ ಕಳೆಯಲು ಬೇಕಾದದ್ದನ್ನೆಲ್ಲ ಮಾಡಿ ಮುಗಿಸಿದ್ದೆ. ಒಂದು ಕೂಗು ಹಾಕುವುದಷ್ಟೇ ಬಾಕಿ ಇತ್ತು.

ನಾನು ಹುಟ್ಟುಕುರುಡಿ. ಊರವರು ಕಣ್ಣಿಲ್ಲದಾಕಿ ಎನ್ನುತ್ತಾರೆ, ಸರಕಾರದ ಕಾಗದಗಳು ಇನ್ನೇನೋ ಉದ್ದನೆಯ ಹೆಸರಿನಿಂದ ಕರೆಯುತ್ತವೆ. ಹೆಸರು ಉದ್ದವಾದಷ್ಟೂ ಕಚೇರಿಯಲ್ಲಿ ಹೆಚ್ಚು ಹೊತ್ತು ನಿಲ್ಲಿಸುತ್ತಾರೆ ಎನ್ನುವುದು ಬಿಟ್ಟರೆ ಅದರಿಂದ ನನಗೆ ಆದದ್ದೇನೂ ಇಲ್ಲ. ಹಾಸ್ಟೆಲಿನಲ್ಲಿದ್ದು ಓದಿದೆ. ಬೆರಳಿನಿಂದ ಓದುವ ಬ್ರೈಲ್ ಲಿಪಿಯನ್ನು ಮಕ್ಕಳಿಗೆ ಕಲಿಸುವ ತರಬೇತಿ ಮುಗಿಸಿದೆ. ಈಗ ಬೈಲಹೊಂಗಲದಲ್ಲಿ ಅದೇ ಕೆಲಸ. ಆ ವರ್ಷ ಮಾತ್ರ ಕೆಲಸದ ಆದೇಶ ಕೈಗೆ ಬರದೆ ಊರಲ್ಲಿ ಅವ್ವನ ಜೊತೆ ಇದ್ದೆ. ನನಗಾಗ ಇಪ್ಪತ್ತೊಂಬತ್ತು.

ಆ ಶ್ರಾವಣ ಬಿಡದೆ ಸುರಿಯಿತು. ನಮ್ಮದು ಎರೆಮಣ್ಣಿನ ಊರು; ಮಳೆ ಹಿಡಿದರೆ ಚಪ್ಪಲಿ ಕಾಲಲ್ಲಿ ಉಳಿಯುವುದಿಲ್ಲ. ನನ್ನ ಕೋಲು ಊರಿದಲ್ಲೆಲ್ಲ ಅರ್ಧ ಗೇಣು ಒಳಕ್ಕೆ ಹೋಗಿ, ಕೀಳುವಾಗ ನನ್ನನ್ನೇ ಎಳೆಯುತ್ತಿತ್ತು. ಡ್ಯಾಮಿನ ಹಿನ್ನೀರು ಯಾರ ಹೊಲದ ತನಕ ಬಂತೆಂದು ಜನ ದಿನಾ ಸುದ್ದಿ ತರುತ್ತಿದ್ದರು. ಸಂಜೆ ಮಠಕ್ಕೆ ಹೋದರೆ ತಲೆಯ ಮೇಲೆ ತಗಡಿಗೆ ಬಡಿಯುವ ಮಳೆ, ಸುತ್ತ ಒದ್ದೆ ಕಂಬಳಿ, ಊದಿನಕಡ್ಡಿ, ಅವುಗಳ ನಡುವೆ ಅಜ್ಜಾರ ತಪಕೀರು.

ಓದುತ್ತಿದ್ದದ್ದು ನಮ್ಮ ಮಠ ಕಟ್ಟಿದ ಶರಣರ ಪುರಾಣ. ಇಪ್ಪತ್ತನಾಲ್ಕು ಅಧ್ಯಾಯ, ದಿನಕ್ಕೊಂದು. ಹನ್ನೆರಡನೆಯದು ಕಣ್ಣು ಬರುವ ಅಧ್ಯಾಯ. ಕುರುಡಿಯೊಬ್ಬಳು ಮಠಕ್ಕೆ ಬರುತ್ತಾಳೆ, ಶರಣರ ಕೃಪೆಯಿಂದ ಅವಳಿಗೆ ಕಣ್ಣು ಬರುತ್ತದೆ. ಆ ದಿನದ ಪೂಜೆಯ ಪಾಳಿ ಪ್ರತಿ ವರ್ಷವೂ ನಮ್ಮ ಮನೆಯದು. ಯಾಕೆಂದು ಬೇರೆ ಹೇಳಬೇಕಿಲ್ಲ. ಊರಿಗಿದ್ದ ಕುರುಡಿ ನಾನೊಬ್ಬಳೇ.

ಐದು ವರ್ಷದವಳಿದ್ದಾಗಿನಿಂದ ಆ ಸಂಜೆ ಅವ್ವ ನನಗೆ ಎಣ್ಣೆ ಹಚ್ಚಿ ಎರೆದು, ಹೊಸ ಅರಿವೆ ತೊಡಿಸಿ ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದಳು. ಅಧ್ಯಾಯ ಮುಗಿದ ಕೂಡಲೇ ಅಜ್ಜಾರು, "ಎಲ್ಲಾರೂ ಕಣ್ಣ ಮುಚ್ಚರಿ" ಎನ್ನುತ್ತಿದ್ದರು. ಊರೆಲ್ಲ ಕಣ್ಣು ಮುಚ್ಚಬೇಕು, ನಾನೊಬ್ಬಳು ತೆರೆದುಕೊಂಡಿರಬೇಕು. ಅವರು ಪತ್ರಿಯನ್ನು ವಿಭೂತಿ ನೀರಿನ ತಂಬಿಗೆಯಲ್ಲಿ ಅದ್ದಿ ಒಮ್ಮೆ ಬಲಗಣ್ಣಿಗೆ, ಮತ್ತೊಮ್ಮೆ ಅದ್ದಿ ಎಡಗಣ್ಣಿಗೆ ಚಿಮುಕಿಸುತ್ತಿದ್ದರು. ಆಮೇಲೆ ಒಂದು ಗಳಿಗೆ ಸದ್ದೇ ಇಲ್ಲ. ಇಡೀ ಊರು ನನ್ನ ಕಣ್ಣಿಗಾಗಿ ಉಸಿರು ಬಿಗಿಹಿಡಿದು ಕಾಯುವುದನ್ನು ಕೇಳುತ್ತ ಬೆಳೆದವಳು ನಾನು. ಏನಾದರೂ ಆಗಲಪ್ಪಾ ಎಂದು ನಾನೂ ಬೇಡುತ್ತಿದ್ದೆ. ಕಣ್ಣಿನ ಆಸೆಗಲ್ಲ, ಅಷ್ಟು ಜನರಿಗೆ ಬೇಸರವಾಗಬಾರದೆಂದು.

ಏನೂ ಆಗುತ್ತಿರಲಿಲ್ಲ. ಆಗ ಅಜ್ಜಾರು ಅವ್ವನಿಗೆ ಹೇಳುತ್ತಿದ್ದ ಮಾತು ಪ್ರತಿ ವರ್ಷವೂ ಒಂದೇ.

"ಈ ವರ್ಷ ಆಗಲಿಲ್ಲ ಕಲ್ಲವ್ವಾ. ಪೂರಾ ಭಕ್ತಿ ಇದ್ದವರಿಗೆ ಅಷ್ಟ ಅಂತ ಪುರಾಣದಾಗ ಹೇಳೈತಿ. ಎಲ್ಲೋ ಒಂಚೂರು ಕಡಿಮಿ ಬಿದ್ದೈತಿ."

ಆ ಒಂಚೂರನ್ನು ತುಂಬಿಸಲು ಅವ್ವ ಇಪ್ಪತ್ತನಾಲ್ಕು ವರ್ಷ ಒದ್ದಾಡಿದಳು. ಮೊದಲು ಅನ್ನ ಬಿಟ್ಟಳು. ಆಮೇಲೆ ಚಪ್ಪಲಿ ಬಿಟ್ಟಳು. ಸವದತ್ತಿ ಗುಡ್ಡಕ್ಕೆ ಬರಿಗಾಲಲ್ಲಿ ನಡೆದು ಬಂದಳು, ನೆಂಟರ ಮದುವೆಗಳಿಗೆ ಹೋಗುವುದನ್ನು ನಿಲ್ಲಿಸಿದಳು. ಆ ವರ್ಷ ಬಿಡಲು ಬೇರೇನೂ ಉಳಿದಿರಲಿಲ್ಲವೆಂದು ತೋರುತ್ತದೆ; ಒಪ್ಪತ್ತು ಊಟಕ್ಕೆ ಇಳಿದದ್ದಲ್ಲದೆ ಸಕ್ಕರೆ ಕಾಯಿಲೆಯ ಗುಳಿಗೆಯನ್ನೂ ಬಿಟ್ಟಳು. ದಿನಾ ಮುಟ್ಟಿ ನೋಡುತ್ತಿದ್ದೆ, ಗುಳಿಗೆಯ ಚೀಟಿ ಹಾಗೆಯೇ ಇರುತ್ತಿತ್ತು. ಕಡೆಗೆ ಜಗಳ ತೆಗೆದೆ.

"ಗುಳಿಗಿ ಯಾಕ ಬಿಟ್ಟಿ?"

"ಗುಳಿಗಿ ಮ್ಯಾಲ ಭರೋಸ ಇಟ್ಟಾಕಿ ದೇವರ ಮ್ಯಾಲ ಏನ್ ಇಟ್ಟಂಗ ಆತು? ಹನ್ನೆರಡನೇ ಅಧ್ಯಾಯ ಮುಗೀಲಿ, ತಗೋತೇನಿ."

"ಅವತ್ತೂ ನನಗ ಕಣ್ಣ ಬರಲಿಲ್ಲಂದ್ರ?"

"ಬರಲಿಲ್ಲಂದ್ರ ಬರೂತನಕ ತಗೊಳ್ಳೂದಿಲ್ಲ."

ಅವ್ವ ಹಟಕ್ಕೆ ಬಿದ್ದರೆ ಯಾರ ಮಾತೂ ಕೇಳುವವಳಲ್ಲ. ಆಗಲೇ ಮೂರು ಸಲ ತಲೆ ತಿರುಗಿ ಗೋಡೆ ಹಿಡಿದಿದ್ದಳು. ನನಗೆ ಕಣ್ಣು ಬರುವುದಿಲ್ಲವೆಂದು ಡಾಕ್ಟರು ಎಂದೋ ಹೇಳಿದ್ದರು. ಹಾಗಾದರೆ ಅವ್ವ ಗುಳಿಗೆ ತೆಗೆದುಕೊಳ್ಳುವುದೇ ಇಲ್ಲ. ಲೆಕ್ಕ ಅಷ್ಟು ಸರಳವಿತ್ತು.

ಅವಳನ್ನು ಕೊಲ್ಲುತ್ತಿದ್ದ ಆ ಒಂದು ಸಾಲನ್ನು ನಾನೇ ಓದಬೇಕೆನ್ನಿಸಿತು. ಮಠದಲ್ಲಿದ್ದದ್ದು ಹಳೆಯ ಕೈಬರಹದ ಪುಸ್ತಕ. ನಮ್ಮ ಮನೆಯಲ್ಲಿ ಎಂದೋ ಅಚ್ಚಾದ ಪ್ರತಿಯೊಂದಿತ್ತು. ಮಗ್ಗುಲ ಮನೆಯ ಶಮೀಮಳನ್ನು ಕರೆದೆ. ಚಿಕ್ಕಂದಿನಲ್ಲಿ ಅವಳು ನನ್ನ ಕೈ ಹಿಡಿದು ಶಾಲೆಗೆ ಕರೆದುಕೊಂಡು ಹೋಗುತ್ತಿದ್ದಳು, ಪ್ರತಿಯಾಗಿ ನಾನು ಅವಳಿಗೆ ಮಗ್ಗಿ ಹೇಳಿಕೊಡುತ್ತಿದ್ದೆ. ಅವಳ ಗಂಡ ಎಂ.ಕೆ. ಹುಬ್ಬಳ್ಳಿಯ ಫ್ಯಾಕ್ಟರಿಗೆ ಕಬ್ಬಿನ ಲಾರಿ ಓಡಿಸುವವನು. ಕಬ್ಬಿನ ಹಂಗಾಮು ಇಲ್ಲದ್ದರಿಂದ ಮನೆಯಲ್ಲೇ ಇದ್ದ. "ಅಂವಾ ಮನ್ಯಾಗ ಇದ್ರ ನಾ ಹೊರಗಿರೂದ ಛಲೋ" ಎಂದು ಶಮೀಮ ಖುಷಿಯಿಂದ ಬಂದಳು.

ಅವಳು ಓದುತ್ತ ಹೋದಳು, ನಾನು ದಪ್ಪ ಹಾಳೆಯನ್ನು ಪಟ್ಟಿಗೆ ಸಿಕ್ಕಿಸಿ ಮೊಳೆಯಂಥ ಕಡ್ಡಿಯಿಂದ ಚುಚ್ಚುತ್ತ ಹೋದೆ. ಬ್ರೈಲನ್ನು ಬಲದಿಂದ ಎಡಕ್ಕೆ ಚುಚ್ಚಬೇಕು. ಹಾಳೆ ತಿರುವಿದಾಗ ಉಬ್ಬಿದ ಚುಕ್ಕೆಗಳನ್ನು ಎಡದಿಂದ ಬಲಕ್ಕೆ ಓದಲು ಬರುತ್ತದೆ. ಕಲಿಯುವವರೆಲ್ಲ ಮೊದಮೊದಲು ಮರೆತು ಎಡದಿಂದಲೇ ಶುರು ಮಾಡುತ್ತಾರೆ. ಆಗ ಉಬ್ಬಿದ ಕಡೆಯಲ್ಲಿ ಏನೂ ಅರ್ಥವಾಗುವುದಿಲ್ಲ, ಚುಚ್ಚಿದ ತಗ್ಗುಗಳನ್ನೇ ತಡಕಿ ಓದಬೇಕು.

"ನಮ್ಮ ಅರಬ್ಬಿ ಹಂಗ ಐತಲ್ಲೇ ಇದು" ಎಂದು ಶಮೀಮ ನಕ್ಕಳು. "ನಿಮ್ಮ ಪುರಾಣಾನ ನಮ್ಮ ಕಡಿಂದ ಬರಿಯಾಕತ್ತಿ."

ಮೂರು ದಿನ ಹಿಡಿಯಿತು. ಕಡೆಗೆ ಅವಳು ಪುಸ್ತಕ ಮಡಿಚಿ, "ಆತು" ಎಂದಳು.

"ಇನ್ನೊಂದ ಮಾತ ಐತಿ. ಪೂರಾ ಭಕ್ತಿದು. ಅದನ್ನ ಓದು."

"ಅಂಥಾದ್ದ ಏನೂ ಇಲ್ಲ."

"ಸರಿಯಾಗಿ ನೋಡ ಶಮೀಮಾ."

ಅವಳು ಮೂರು ಸಲ ಹುಡುಕಿದಳು. ಇರಲಿಲ್ಲ. ಅಲ್ಲಿದ್ದದ್ದು ಬೇರೆಯೇ. ಕುರುಡಿ ಮಠಕ್ಕೆ ಬಂದಾಗ ಊಟದ ಪಂಕ್ತಿಯಲ್ಲಿ ಅವಳಿಗೆ ಯಾರೂ ಜಾಗ ಕೊಡುವುದಿಲ್ಲ. ಶರಣರು ತಾವು ಸರಿದು ಅವಳನ್ನು ಮಗ್ಗುಲಲ್ಲಿ ಕೂರಿಸಿಕೊಂಡು ತಮ್ಮ ಎಲೆಯಿಂದ ತುತ್ತು ಕೊಡುತ್ತಾರೆ. ಅವರು ಸರಿದು ಕೂತದ್ದಕ್ಕೆ ಎಂಟು ಸಾಲು. ಊಟವಾದ ಮೇಲೆ ಅವಳಿಗೆ ಕಣ್ಣು ಬಂದದ್ದಕ್ಕೆ ಒಂದೇ ಸಾಲು. ಅವಳ ಭಕ್ತಿಯನ್ನಾಗಲಿ ಅವಳ ತಾಯಿಯ ಭಕ್ತಿಯನ್ನಾಗಲಿ ಅಲ್ಲಿ ಯಾರೂ ಅಳೆಯುವುದಿಲ್ಲ.

ನಾನು ಆ ಎಂಟು ಸಾಲುಗಳ ಮೇಲೆ ಎಷ್ಟು ಸಲ ಬೆರಳಾಡಿಸಿದೆನೋ. ಇಪ್ಪತ್ತನಾಲ್ಕು ವರ್ಷ ಅದೇ ಅಧ್ಯಾಯ ಕೇಳಿದ್ದೆ; ಆದರೆ ಕೇಳಿದ್ದೆಲ್ಲಿ, ಕೊನೆಗೆ ಬ‌ರುವ ನೀರಿಗೆ ಹೆದರುತ್ತ ಕೂತಿದ್ದೆ ಅಷ್ಟೇ. ಕುರುಡಿಗೆ ಮೊದಲು ಸಿಕ್ಕಿದ್ದು ಜಾಗ, ಕಣ್ಣು ಆಮೇಲೆ. ನಮ್ಮೂರು ಇದನ್ನು ತಿರುಗಿಸಿಬಿಟ್ಟಿತ್ತು. ಮೊದಲು ಕಣ್ಣು ತಂದು ತೋರಿಸು, ಆಮೇಲೆ ನಮ್ಮಲ್ಲಿ ಒಬ್ಬಳಾಗು ಎನ್ನುತ್ತಿತ್ತು. ಸಿಟ್ಟಿನಿಂದ ನನಗೆ ಅಳು ಬಂತು.

ಅವ್ವನಿಗೆ ಓದಿ ತೋರಿಸಿದೆ. ಅವಳು ಅಕ್ಷರ ಕಲಿತವಳಲ್ಲ. ಸುಮ್ಮನೆ ಕೇಳಿ, "ಅಜ್ಜಾರ ಮೂವತ್ತ ವರ್ಷದಿಂದ ಓದಾಕತ್ತಾರ, ಶಮೀಮ ಮೂರ ದಿನ ಓದ್ಯಾಳ. ಯಾರ ಮಾತ ಕೇಳ್ಲಿ?" ಎಂದಳು. ಮಠದ ಕಟ್ಟೆಯ ಮೇಲಿಂದ ಓದಿದರೆ ಮಾತ್ರ ಅದು ಪುರಾಣ, ಮನೆಯಲ್ಲಿ ಓದಿದರೆ ಬರೇ ಕಾಗದ.

ಹಾಗಾದರೆ ಕಟ್ಟೆಯ ಮೇಲಿಂದಲೇ ಓದುತ್ತೇನೆಂದು ಹೊರಟೆ. ಮಠದ ಹಿರೇತನ ಊರ ಗೌಡರದು. "ನಂದೇನೂ ಅಡ್ಡಿ ಇಲ್ಲ ತಂಗಿ, ಅಜ್ಜಾರನ್ನ ಒಂದ ಮಾತ ಕೇಳೋಣು" ಎಂದರು. ಅಜ್ಜಾರು ಡಬ್ಬಿ ತೆಗೆದು ನಿಧಾನವಾಗಿ ತಪಕೀರು ಏರಿಸಿದರು.

"ಗ್ರಂಥ ಓದೂದು ಕಣ್ಣಿಂದ. ಬೆರಳಿಂದ ಮಾಡೂದಕ್ಕ ಸವರೂದು ಅಂತಾರ, ಓದೂದು ಅನ್ನೂದಿಲ್ಲ."

"ಒಂದ ಸಾಲ ಓದತೇನಿ ಅಜ್ಜಾರ, ಕೇಳಿ ಹೇಳ್ರಿ."

"ಬ್ಯಾಡವಾ. ಬ್ಯಾರೆ ಅಧ್ಯಾಯ ಆಗಿದ್ರ ವಿಚಾರ ಮಾಡಬಹುದಿತ್ತು. ಕಣ್ಣ ಬಂದ ಅಧ್ಯಾಯಾನ ಕಣ್ಣ ಬರಲಾರದಾಕಿ ಓದಿದ್ರ ಕೇಳಿದವರು ಏನ್ ತಿಳೀಬೇಕು? ನಿಮ್ಮ ಪಾಳಿ ದಿನ ಪುಸ್ತಕ ಹೊರು, ಪೂಜಿ ಮಾಡು. ಓದೂದ ನಂದಿರ್ಲಿ."

ಗೌಡರು ಗಂಟಲು ಸರಿಮಾಡಿಕೊಂಡು ಮಳೆಯ ವಿಷಯ ತೆಗೆದರು. ಅಲ್ಲಿಗೆ ನನ್ನ ಮಾತು ಮುಗಿಯಿತು. ಹೊರಬಹುದು, ಓದಬಾರದು. ಮನೆಯ ತನಕ ಕೋಲನ್ನು ಕೆಸರಿಗೆ ಬಡಿಯುತ್ತ ನಡೆದೆ.

ಮಾರನೆಯ ದಿನವೋ ಅದರ ಮಾರನೆಯ ದಿನವೋ ಇರಬೇಕು, ಪುರಾಣದ ನಡುವೆ ಅವ್ವ ನನ್ನ ಕಿವಿಯಲ್ಲಿ, "ಕರೆಂಟ್ ಹೋತು" ಎಂದಳು. ಮೈಕು ಬ್ಯಾಟರಿಯ ಮೇಲಿತ್ತು, ಅಜ್ಜಾರ ದನಿ ಹಾಗೆಯೇ ಬರುತ್ತಿತ್ತು. ಒಂದು ಸಾಲು, ಎರಡು, ಐದು. ತಗಡಿನ ಮೇಲೆ ಮಳೆಯ ಆರ್ಭಟ. ಯಾರೋ ಜೋರಾಗಿ, "ತಡೀರಿ ಅಜ್ಜಾರ, ಮೊಬೈಲ್ ಬೆಳಕ ಹಿಡೀತೇವಿ" ಎಂದರು.

"ಯಾಕ? ಏನಾತು?" ಎಂದರು ಅಜ್ಜಾರು.

ಒಂದೇ ಗಳಿಗೆ. ಆಮೇಲೆ ನಕ್ಕು, "ಬಾಯಿಪಾಠ ಆಗೇತ್ರಿ, ಬೆಳಕ ಯಾರಿಗೆ ಬೇಕು" ಎಂದರು. ಜನ ಭೇಷ್ ಎಂದರು. ಆ ಮಠದಲ್ಲಿ ಕತ್ತಲಾದದ್ದು ತಾನಾಗಿ ಗೊತ್ತಾಗದವರು ಇಬ್ಬರು. ನನಗೆ ಅವ್ವ ಹೇಳಿದ್ದಳು. ಅವರಿಗೆ ಯಾರೂ ಹೇಳಿರಲಿಲ್ಲ.

ಅಲ್ಲಿಂದ ದಿನಾ ಕಿವಿಗೊಟ್ಟು ಕೂತೆ. ಕಣ್ಣಿನಿಂದ ಓದುವವರು ಹಾಳೆಯ ಕೊನೆಗೆ ಬಂದಾಗ ದನಿಯನ್ನು ತುಸು ತಡೆಯುತ್ತಾರೆ, ತಿರುವಿದ ಮೇಲೆ ಮತ್ತೆ ಹಿಡಿದುಕೊಳ್ಳುತ್ತಾರೆ. ಅಜ್ಜಾರು ಮಾತಿನ ನಡುವೆಯೇ, ನೆನಪಾದಾಗೊಮ್ಮೆ, ಸುಮ್ಮನೆ ಹಾಳೆ ತಿರುವುತ್ತಿದ್ದರು. ಶಮೀಮಳಿಗೆ ಹೇಳಿದೆ.

"ಹಂಗಾರ ಅವರೂ ನಿನ್ನಂಗನ ಆದ್ರಲ್ಲ ಪಾಪ."

"ನನ್ನಂಗ ಹೆಂಗ? ನಾ ಕದ್ದ ಮುಚ್ಚಿ ಕುರುಡಿ ಆಗಿಲ್ಲ. ಇನ್ನೊಬ್ಬರ ಅವ್ವನ ಭಕ್ತಿ ಅಳದಿಲ್ಲ" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ನಾನು ಹೂಡಿದ್ದು ಇಷ್ಟು. ಪಾಳಿಯ ದಿನ ಕೆಂಪು ವಸ್ತ್ರದಲ್ಲಿ ಸುತ್ತಿದ ಪುಸ್ತಕವನ್ನು ಒಳಗಿನ ಕೋಣೆಯಿಂದ ತಲೆಯ ಮೇಲೆ ಹೊತ್ತು ತಂದು, ಕಟ್ಟೆಯಂಚಿನಲ್ಲಿ ಅಜ್ಜಾರ ಮುಂದಿರುವ ಓದುವ ಮಣೆಯ ಮೇಲೆ ಇಡುವುದು ನಮ್ಮ ಕೆಲಸ. ಅಂದಿನ ಅಧ್ಯಾಯಕ್ಕೆ ದಾರ ಇಟ್ಟಿರುತ್ತಾರೆ. ಅಜ್ಜಾರು ವಸ್ತ್ರ ಸರಿಸಿ ಅಲ್ಲಿ ಬಿಚ್ಚುತ್ತಾರೆ. ನಾನು ಅದನ್ನು ತಲೆಕೆಳಗಾಗಿ ಇಡುತ್ತೇನೆ. ಕಣ್ಣಿದ್ದವರಾದರೆ ಬಿಚ್ಚಿದ ಕೂಡಲೇ ತಿರುಗಿಸಿಕೊಳ್ಳುತ್ತಾರೆ. ಇಲ್ಲದವರು ತಲೆಕೆಳಗಾದ ಪುಸ್ತಕ ಹಿಡಿದು ಒಂದು ತಾಸು ಓದುತ್ತಾರೆ. ಆಮೇಲೆ ಗೌಡರು ಬಂದು ತೆರೆದ ಪುಸ್ತಕಕ್ಕೆ ಹಣೆ ಹಚ್ಚುವುದು ಪದ್ಧತಿ. ಆಗ ನಾನು, ಗೌಡರ, ಪುಸ್ತಕ ನೋಡ್ರಿ, ಎಂದು ಕೂಗಿದರೆ ಆಯಿತು. ಓದಲೂ ಬಾರದವರ ಮಾತು ಪುರಾಣ ಹೇಗಾಗುತ್ತದೆ? ಅವ್ವ ಗುಳಿಗೆ ತೆಗೆದುಕೊಳ್ಳುತ್ತಾಳೆ.

ಆ ದಿನ ಬೆಳಗಿನಿಂದ ಅವ್ವನ ಹೊಟ್ಟೆಯಲ್ಲಿ ನೀರು ಬಿಟ್ಟರೆ ಏನೂ ಇರಲಿಲ್ಲ. ಸಂಜೆ ಮಠದ ಒಳಕೋಣೆಯಲ್ಲಿ ನನ್ನ ಹೆಗಲು ಹಿಡಿದಳು. ಅವಳ ಕೈ ತಣ್ಣಗೆ ಬೆವೆತಿತ್ತು. "ನೀನ ಹೊರು ಶೈಲಾ. ನನಗ ಚಕ್ಕರ ಬರಾಕತ್ತೈತಿ." ಅವಳು ಬಾಗಿಲ ಚೌಕಟ್ಟಿಗೆ ಒರಗಿದಾಗ ಪುಸ್ತಕ ನನ್ನ ಕೈಯಲ್ಲಿತ್ತು. ಹೊಲಿಗೆ ಎಡಕ್ಕೇ ಉಳಿಯುವಂತೆ, ಮುಂದಿನ ರಟ್ಟು ಕೆಳಗೆ ಹಿಂದಿನದು ಮೇಲೆ ಬರುವಂತೆ ಮಗುಚಿದೆ. ಇಪ್ಪತ್ತನಾಲ್ಕರಲ್ಲಿ ಹನ್ನೆರಡು, ನಟ್ಟನಡುವೆ. ಎರಡೂ ಬದಿಯ ದಪ್ಪ ಒಂದೇ. ಅಕ್ಷರದ ದಿಕ್ಕನ್ನು ಬೆರಳಿಗೆ ಕೇಳಿ ತಿಳಿಯುವ ಅಭ್ಯಾಸ ಅವರಿಗೆಲ್ಲಿಂದ ಬರಬೇಕು? ಅವರು ಬೆರಳನ್ನು ನಂಬಿದವರಲ್ಲ.

ಮಣೆಯ ಮೇಲಿಟ್ಟು ಮುಂದಿನ ಸಾಲಿನಲ್ಲಿ ಕೂತೆ. ಅವ್ವನನ್ನು ಯಾರೋ ಕರೆತಂದು ಪಕ್ಕದಲ್ಲಿ ಕೂರಿಸಿದರು. ವಸ್ತ್ರ ಸರಿದ ಸದ್ದು. ದಾರ ಹಿಡಿದು ಬಿಚ್ಚಿದ ಸದ್ದು. ತಿರುಗಿಸುತ್ತಾರೆಯೇ? ಅಜ್ಜಾರು ಗಂಟಲು ಸರಿಪಡಿಸಿಕೊಂಡು ಓದತೊಡಗಿದರು.

ನಾನು ಗೆದ್ದಿದ್ದೆ. ಒಂದು ತಾಸು ಅವರು ತಲೆಕೆಳಗಾದ ಪುಸ್ತಕದಿಂದ ಒಂದಕ್ಷರ ತಪ್ಪದೆ ಓದಿದರು. ಎಂಟು ಸಾಲುಗಳೂ ಬಂದವು. ಈ ಸಲ ಕೇಳಿಸಿಕೊಂಡೆ. ಕಣ್ಣು ಬಂದ ಸಾಲಿಗೆ ಬಂದಾಗ ಅವರ ದನಿ ಒಡೆಯಿತು, ಮತ್ತೆ ಕೂಡಿತು.

"ಎಲ್ಲಾರೂ ಕಣ್ಣ ಮುಚ್ಚರಿ."

ಪತ್ರಿ ತಂಬಿಗೆಯಲ್ಲಿ ಅದ್ದಿದ ಸದ್ದಾಯಿತು. ನೀರು ನನ್ನ ಮುಖಕ್ಕೆ ಬೀಳಲಿಲ್ಲ. ಮತ್ತೊಮ್ಮೆ ಅದ್ದಿದರು. ಆಗಲೂ ಬೀಳಲಿಲ್ಲ. ಮೇಲೆ ಎಲ್ಲೋ, ಅವರ ಮುಖವಿರುವಲ್ಲಿ, ಹನಿಗಳು ತೊಟ್ಟಿಕ್ಕಿದವು. ಆಮೇಲೆ ಉಸಿರು ಬಿಗಿಹಿಡಿದ ಆ ಒಂದು ಗಳಿಗೆ.

ಅದನ್ನು ನನ್ನಷ್ಟು ಬಲ್ಲವರು ಆ ಊರಲ್ಲಿ ಬೇರೆ ಯಾರಿದ್ದಾರೆ? ಹನಿ ರೆಪ್ಪೆಯಿಂದ ಇಳಿಯುವ ತನಕ ಕಾಯುವುದು, ಈಗ ಬರಬಹುದು, ಈಗ, ಎನ್ನುವುದು, ಆಮೇಲೆ ಮೆಲ್ಲಗೆ ಉಸಿರು ಬಿಡುವುದು. ಅವರು ಉಸಿರು ಬಿಟ್ಟರು. ಅದರಲ್ಲಿ ಸಣ್ಣದೊಂದು ನರಳಿಕೆ ಇತ್ತು. ಮೂವತ್ತು ವರ್ಷ ತಾವೇ ಓದಿದ ಅಧ್ಯಾಯ, ತಾವೇ ಹೇಳಿದ ತೀರ್ಪು. ತಮಗೂ ಕಣ್ಣು ಹೋಯಿತೆಂದು ಹೇಳಿದರೆ ಊರು ಅವರನ್ನು ಏನು ಕೇಳುತ್ತಿತ್ತು? ನಿಮ್ಮ ಭಕ್ತಿ ಎಲ್ಲಿ ಕಡಿಮಿ ಬಿತ್ತು ಅಜ್ಜಾರ, ಎಂದೇ ಅಲ್ಲವೇ?

ಆಮೇಲೆ ನೀರು ನನ್ನ ಮೇಲೆ ಬಿತ್ತು, ಬಲಕ್ಕೊಮ್ಮೆ, ಎಡಕ್ಕೊಮ್ಮೆ. ಗುರಿ ತಪ್ಪಿ ಅರ್ಧ ನೀರು ನನ್ನ ಕೊರಳಿಗೆ ಹೋಯಿತು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಹುಡುಕಿದೆ, ಸಿಗಲಿಲ್ಲ.

ಅಷ್ಟರಲ್ಲಿ ಗೌಡರು ಎದ್ದ ಸದ್ದು. ಅವರ ಮೊಣಕಾಲು ಲಟಕ್ಕೆನ್ನುತ್ತದೆ, ದೂರದಿಂದಲೇ ಗೊತ್ತಾಗುತ್ತದೆ. ಪುಸ್ತಕಕ್ಕೆ ಹಣೆ ಹಚ್ಚಲು ಬರುತ್ತಿದ್ದರು. ಪುಸ್ತಕ ತಲೆಕೆಳಗಾಗಿ ತೆರೆದು ಬಿದ್ದಿತ್ತು. ಇನ್ನು ನಾಲ್ಕು ಹೆಜ್ಜೆ. ನಾನು ಕೂಗುವುದೇ ಬೇಕಿರಲಿಲ್ಲ, ಅವರೇ ಕಂಡುಕೊಳ್ಳುತ್ತಿದ್ದರು.

ನಾನು ದಡಕ್ಕನೆ ಎದ್ದು ಮುಂದೆ ನುಗ್ಗಿ, ಕಾಲು ಎಡವಿದವಳಂತೆ ಮಣೆಯ ಮೇಲೆ ಬಿದ್ದೆ. ಮಣೆ ಉರುಳಿತು. ತಂಬಿಗೆ ಉರುಳಿತು. ಪುಸ್ತಕ ನೆಲಕ್ಕೆ ಬಿದ್ದ ಸದ್ದಿಗೆ ಇಡೀ ಮಠ "ಅಯ್ಯಯ್ಯ" ಎಂದಿತು.

"ಏನ್ ಮಾಡಿದಿ ತಂಗಿ!" ಗೌಡರ ದನಿ. ಹಿಂದಿನಿಂದ ಇನ್ನೊಂದು, "ಇದಕ್ಕ ನೋಡ ಅಜ್ಜಾರ ಬ್ಯಾಡ ಅಂದಿದ್ದು." "ಕಣ್ಣ ಇಲ್ಲದವ್ರು ಒಂದ ಕಡೆ ಕುಂದರಬೇಕು." ಇಪ್ಪತ್ತೊಂಬತ್ತು ವರ್ಷ ಯಾವ ಮಾತು ನನ್ನ ಮೇಲೆ ಬೀಳಬಾರದೆಂದು ಕೋಲು ಊರಿ, ಹೆಜ್ಜೆ ಎಣಿಸಿ ನಡೆದಿದ್ದೆನೋ ಅದೇ ಮಾತನ್ನು ಕೈಯಾರೆ ಎಳೆದುಕೊಂಡಿದ್ದೆ. ಪುಸ್ತಕವನ್ನು ತಡಕಿ ಎತ್ತಿ, ಸೆರಗಿನಿಂದ ಒರೆಸಿ, ಸರಿಯಾಗಿ ತಿರುಗಿಸಿ ಮಣೆಯ ಮೇಲಿಟ್ಟೆ. ಇಡುವಾಗ ಅಜ್ಜಾರ ಕಿವಿಯ ಹತ್ತಿರ, ಅವರಿಗಷ್ಟೇ ಕೇಳುವಂತೆ, "ಪುಸ್ತಕ ತಲಿಕೆಳಗ ಇತ್ರಿ. ನಾನ ಹಂಗ ಇಟ್ಟಿದ್ದೆ" ಎಂದೆ.

ಅವರ ಕೈ ನನ್ನ ಕೈ ದಾಟಿ ಪುಸ್ತಕದ ಅಂಚನ್ನು ತಡಕಿತು.

ಅವ್ವ ಅಳತೊಡಗಿದ್ದಳು. "ನನ್ನ ವ್ರತ ಮುರೀತ್ರಿ ಅಜ್ಜಾರ. ಪುಸ್ತಕ ನೆಲಕ್ಕ ಬಿತ್ತು. ಮುಂದಿನ ಶ್ರಾವಣದ ತನಕ ಒಪ್ಪತ್ತ ಇರತೇನಿ, ಗುಳಿಗಿ ಮುಟ್ಟೂದಿಲ್ಲ." ಅವರನ್ನು ಉಳಿಸಲು ಹೋಗಿ ಅವ್ವನನ್ನು ಕೊಟ್ಟುಬಿಟ್ಟೆನಲ್ಲ ಎನ್ನಿಸಿತು.

"ಕಲ್ಲವ್ವಾ" ಎಂದರು ಅಜ್ಜಾರು. ಮೈಕಿನಲ್ಲಿ ದನಿ ದೊಡ್ಡದಾಗಿ ಕೇಳಿತು. "ಪೂರಾ ಭಕ್ತಿ ಇದ್ದವರಿಗೆ ಅಷ್ಟ ಅಂತ ವರ್ಷಾ ಹೇಳತಿದ್ನೆಲ್ಲ, ಅದು ಪುರಾಣದಾಗ ಇಲ್ಲ."

ಅವ್ವನ ಅಳು ನಿಂತಿತು.

"ಅದು ನಾ ಸೇರಿಸಿದ್ದು. ಕಣ್ಣ ಬರಲಿಲ್ಲಂದ್ರ ನಿನಗೇನರ ಹೇಳಬೇಕಲ್ಲ, ಹೇಳಿದೆ. ತಪ್ಪ ನಂದು. ನಿನ್ನ ಭಕ್ತಿ ಏನೂ ಕಡಿಮಿ ಇಲ್ಲ. ಮನಿಗೆ ಹೋಗಿ ಊಟಾ ಮಾಡು. ಗುಳಿಗಿ ತಗೋ."

ಅವ್ವ ಆ ಸಂಜೆ ಊಟ ಮಾಡಿದಳು. ಗುಳಿಗೆಯ ಚೀಟಿ ಚಟ್ ಎಂದು ಒಡೆದ ಸದ್ದನ್ನು ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ.

ಆದರೆ ತಮ್ಮ ಕಣ್ಣಿನ ಬಗ್ಗೆ ಅಜ್ಜಾರು ಊರಿಗೆ ಏನೂ ಹೇಳಲಿಲ್ಲ. ನಾನು ಬೇಕೆಂದೇ ಬಿದ್ದದ್ದನ್ನೂ ಹೇಳಲಿಲ್ಲ. ನಾನು ಪುಸ್ತಕ ಕೆಡವಿದವಳಾಗಿಯೇ ಉಳಿದೆ. ನಮ್ಮ ಮನೆಗೆ ಮತ್ತೆ ಪಾಳಿ ಬರಲಿಲ್ಲ. ಅದಕ್ಕಾಗಿ ನನಗೆ ಬೇಸರವಿತ್ತು, ಈಗಲೂ ಇದೆ, ಇಲ್ಲವೆಂದು ಸುಳ್ಳು ಹೇಳುವುದಿಲ್ಲ.

ಎರಡು ದಿನ ಬಿಟ್ಟು ಬೆಳಗ್ಗೆ ನಮ್ಮ ಗೋಡೆಗುಂಟ ಒಂದು ಕೈ ಸವರುತ್ತ ಬರುವ ಸದ್ದು ಕೇಳಿತು, ಹಿಂದೆಯೇ ತಪಕೀರು.

"ಕಲ್ಲವ್ವ ಗುಳಿಗಿ ತಗೊಂಡ್ಲೇನ ಅಂತ ವಿಚಾರಸಾಕ ಬಂದೆ" ಎಂದರು.

"ಕುಂದರ್ರಿ ಅಜ್ಜಾರ. ತಗೊಂಡಾಳ."

ತುಸು ಹೊತ್ತಾದ ಮೇಲೆ ದನಿ ತಗ್ಗಿಸಿ, "ಆ ಸವರೂದು... ಈ ವಯಸ್ಸಿಗೆ ಬರತೈತೇನವಾ?" ಎಂದರು.

ಅವರ ಬೆರಳು ನೇಗಿಲ ಮೇಟಿ ಹಿಡಿದು ಗಟ್ಟಿಯಾಗಿತ್ತು. ಒಂದು ಅಕ್ಷರಕ್ಕೆ ಎರಡು ದಿನ ಹಿಡಿಯುತ್ತಿತ್ತು. ದಿನಾ ಗುಳಿಗೆ ವಿಚಾರಿಸುವ ನೆಪದಲ್ಲಿ ಬರುತ್ತಿದ್ದರು. ಇಷ್ಟು ಕಾಳಜಿ ಕಂಡು ಅವ್ವನಿಗೆ ಸಂಕೋಚವೇ ಆಗುತ್ತಿತ್ತು. ಚುಚ್ಚುವಾಗ ಎಷ್ಟು ಹೇಳಿದರೂ ಎಡದಿಂದಲೇ ಶುರು ಮಾಡುತ್ತಿದ್ದರು. ಭಾದ್ರಪದದಲ್ಲಿ ನನಗೆ ಕೆಲಸದ ಆದೇಶ ಬಂತು. ಹೊರಡುವಾಗ ಅವರಿಗೊಂದು ಪಟ್ಟಿ, ಕಡ್ಡಿ, ಹಾಳೆ ಕೊಟ್ಟು, "ಏನರ ಬರೀರಿ, ಮುಂದ ಬಂದಾಗ ತಿದ್ದತೇನಿ" ಎಂದಿದ್ದೆ. ಅವ್ವನನ್ನೂ ಬೈಲಹೊಂಗಲಕ್ಕೆ ಕರೆದುಕೊಂಡೆ. ಆಮೇಲೆ ಅವರು ಹನ್ನೆರಡನೆಯ ಅಧ್ಯಾಯದ ದಿನ ಕಣ್ಣು ಮುಚ್ಚಿಸುವುದನ್ನೂ ನೀರು ಚಿಮುಕಿಸುವುದನ್ನೂ ಬಿಟ್ಟರಂತೆ. ನಾನು ಆ ಮಠಕ್ಕೆ ಹೋಗಲೇ ಇಲ್ಲ.

ಹೋದ ವಾರ ಅವರ ಮನೆಯಲ್ಲಿ ಕೂತು ಎದ್ದಾಗ ಸೊಸೆ, "ಶೈಲಾ ಬಂದ್ರ ಮಠಕ್ಕ ಕರಕೊಂಡ ಹೋಗಿ ಪುಸ್ತಕ ಕೈಯಾಗ ಕೊಡ್ರಿ ಅಂದಿದ್ರು ಮಾವಾರು" ಎಂದಳು. ಗೌಡರೂ ಬಂದಿದ್ದರು, ಮೊಣಕಾಲು ಲಟಕ್ಕೆಂದಿತು. ಹಳೆಯದು ಅವರಿಗೂ ನೆನಪಿತ್ತೆಂದು ಕಾಣುತ್ತದೆ. ಪುಸ್ತಕ ಕೊಡುವಾಗ, "ಹುಷಾರ್ ತಂಗಿ" ಎಂದರು.

ದಾರ ಹಿಡಿದು ಬಿಚ್ಚಿದೆ. ಎರಡೂ ಬದಿಯ ದಪ್ಪ ಒಂದೇ. ಹನ್ನೆರಡನೆಯ ಅಧ್ಯಾಯ. ನಡುವೆ ಒಂದು ದಪ್ಪ ಹಾಳೆ ಇತ್ತು, ತಪಕೀರಿನ ವಾಸನೆ.

"ಅದ ಗುರುತಿನ ಹಾಳಿ" ಎಂದರು ಗೌಡರು. "ಏಳ ವರ್ಷಾತು, ಅಜ್ಜಾರ ಅಲ್ಲೇ ಇಟ್ಟಿದ್ರು. ತಗೀಬ್ಯಾಡ್ರಿ ಅಂತಿದ್ರು. ವರ್ಷಾ ಊರೆಲ್ಲಾ ಅದರ ಮ್ಯಾಲ ಹಣಿ ಹಚ್ಚತೇವಿ."

ಉಬ್ಬಿದ ಕಡೆ ಬೆರಳಾಡಿಸಿದೆ. ಏನೂ ಅರ್ಥವಾಗಲಿಲ್ಲ. ಎಡದಿಂದಲೇ ಶುರು ಮಾಡಿದ್ದರು. ಹಾಳೆ ತಿರುವಿ ತಗ್ಗುಗಳನ್ನು ತಡಕಿದೆ. ಒಂದೊಂದೇ ಅಕ್ಷರ ಬಂತು. ಮತ್ತೆ ಮೊದಲಿನಿಂದ ತಡಕಿದೆ.

"ಏನರ ಬರದೈತೇನ ತಂಗಿ? ಕಟ್ಟಿ ಮ್ಯಾಲ ಕುಂದರು. ಗಟ್ಟ್ಯಾಗಿ ಓದು, ಕೇಳತೇವಿ."

ಗೌಡರು ತಾವು ಸರಿದು ಜಾಗ ಮಾಡಿದರು. ನಾನು ಕೂತು ಓದಿದೆ:

"ನನಗೂ ಕಣ್ಣ ಬರಲಿಲ್ಲ. ಭಕ್ತಿ ಕಡಿಮಿ ಇರಲಿಲ್ಲ."